ಪಟ್ಟಿಯಲ್ಲಿಲ್ಲದ ಹನ್ನೊಂದು

ಸೀರೆ ನೇಯುವ ಒಂದು ಊರು. ಆ ಊರಲ್ಲಿ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದೆನೆಂದರೆ ನೀವೆಲ್ಲ ‘ಓ, ಅವನಾ’ ಎಂದು ಕಂಬಕ್ಕೆ ಒರಗಿ ಕೂತುಬಿಡುತ್ತೀರಿ. ದೃಷ್ಟಾಂತ ಅವನ ಪಾಲಿಗೆ ಹೋಗುತ್ತದೆ, ಪ್ರಸಾದ ನಿಮ್ಮ ಪಾಲಿಗೆ ಬರುತ್ತದೆ. ಹಾಗಾಗುವುದು ಬೇಡ.

ಸಾಹುಕಾರನಿಗೆ ನಲವತ್ತು ಮಗ್ಗ ಇದ್ದವು, ದೊಡ್ಡ ಅಂಗಡಿ ಇತ್ತು, ಕಲ್ಲು ಕಟ್ಟಿದ ಮನೆ ಇತ್ತು. ಅವನ ಹೆಮ್ಮೆ ಮಾತ್ರ ಇವು ಯಾವುದರಲ್ಲೂ ಇರಲಿಲ್ಲ. ಅವನು ಮನಸ್ಸು ಓದುತ್ತಿದ್ದ. ಅದೇ ಅವನ ಹೆಮ್ಮೆ.

ಹೇಗೆ ಓದುತ್ತಿದ್ದ? ಇಲ್ಲೇ ಮಾಡಿ ತೋರಿಸುತ್ತೇನೆ. ಎಲ್ಲರೂ ಮನಸ್ಸಿನಲ್ಲಿ ಒಂದು ಸಂಖ್ಯೆ ಹಿಡಿದುಕೊಳ್ಳಿ. ಸಣ್ಣದೇ ಇರಲಿ, ಲೆಕ್ಕ ಎಂದರೆ ಜ್ವರ ಬರುವವರೂ ಇಲ್ಲಿದ್ದೀರಿ. ಪಕ್ಕದವರಿಗೆ ಹೇಳಬೇಡಿ. ಹಿಡಿದಿರಾ? ಅದನ್ನು ಎರಡುಪಟ್ಟು ಮಾಡಿ. ಅದಕ್ಕೆ ಹತ್ತು ಕೂಡಿಸಿ. ಬಂದದ್ದನ್ನು ಅರ್ಧ ಮಾಡಿ. ಈಗ, ಮೊದಲು ಹಿಡಿದಿದ್ದಿರಲ್ಲ, ಆ ಸಂಖ್ಯೆಯನ್ನು ಅದರಿಂದ ಕಳೆಯಿರಿ. ಆಯಿತೇ? ನಿಮ್ಮ ಮನಸ್ಸಿನಲ್ಲಿ ಈಗ ಉಳಿದಿರುವುದು ಐದು.

ನಗುತ್ತಿದ್ದೀರಿ. ಅಲ್ಲಿ ಹಿಂದೆ ಕೂತ ತಾಯಿಗೆ ಆರು ಬಂದ ಹಾಗಿದೆ. ಪರವಾಗಿಲ್ಲ ತಾಯಿ, ಮನೆಗೆ ಹೋಗಿ ಇನ್ನೊಮ್ಮೆ ಕೂಡಿಸಿ.

ಸಾಹುಕಾರ ಇದನ್ನು ಯಾವಾಗಲೋ ರೈಲಿನಲ್ಲಿ ಪಕ್ಕ ಕೂತವನೊಬ್ಬನಿಂದ ಕಲಿತಿದ್ದ. ಕಲಿತ ಮೇಲೆ ಬಿಟ್ಟಾನೆಯೇ? ಮದುವೆ ಮನೆಯಲ್ಲಿ ಮಾಡಿದ, ನಾಮಕರಣದಲ್ಲಿ ಮಾಡಿದ, ಸತ್ತವರ ಮನೆಗೆ ಮಾತಾಡಿಸಲು ಹೋದಾಗಲೂ ಹೊರಗೆ ಕಟ್ಟೆಯ ಮೇಲೆ ಕೂತು ಮಾಡಿದ. ಜಾಣ. ಒಬ್ಬರಿಗೆ ಹತ್ತು ಕೂಡಿಸಲು ಹೇಳಿದರೆ ಇನ್ನೊಬ್ಬರಿಗೆ ಹದಿನಾಲ್ಕು, ಮತ್ತೊಬ್ಬರಿಗೆ ಇಪ್ಪತ್ತು. ಉತ್ತರ ಸಲಸಲಕ್ಕೂ ಬೇರೆ ಬರುತ್ತಿತ್ತು, ಗುಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಒಮ್ಮೆ ಅಂಗಡಿಗೆ ಬಂದ ದೂರದೂರಿನ ವ್ಯಾಪಾರಿಯೊಬ್ಬ ತೊಡೆ ತಟ್ಟಿಕೊಂಡು ನಕ್ಕನಂತೆ: “ಎಲಾ ಇವನ! ನನ್ನ ಹೆಣ್ತಿಗೂ ಇಷ್ಟ ತಿಳೀವಲ್ದು ನನ್ನ ಮನಸ್ಸು!”

“ನನ್ನ ಹೆಣ್ತಿ ಮನಸ್ಸು ನನಗ ಗೊತ್ತೈತಿ ನೋಡ್ರಿ,” ಎಂದ ಸಾಹುಕಾರ. “ಅಕೀ ಬಾಯಿ ತಗಿಯೂದ ಬ್ಯಾಡ.”

ಈ ಮಾತನ್ನು ಸ್ವಲ್ಪ ಕೈಯಲ್ಲಿ ಹಿಡಿದುಕೊಂಡಿರಿ. ಮೊದಲು ಆ ಲೆಕ್ಕ ಬಿಡಿಸೋಣ. ನೀವು ಹಿಡಿದ ಸಂಖ್ಯೆ ಒಂದು ಬಟ್ಟೆಯ ಗಂಟು ಎಂದುಕೊಳ್ಳಿ. ಒಳಗೆ ಎಷ್ಟು ಕಡಲೆ ಇದೆ ಎಂದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಎರಡುಪಟ್ಟು ಎಂದೆ, ಅಂಥವೇ ಎರಡು ಗಂಟಾದವು. ಹತ್ತು ಕೂಡಿಸಿ ಎಂದೆ. ಎರಡು ಗಂಟು, ಪಕ್ಕದಲ್ಲಿ ಹತ್ತು ಬಿಡಿ ಕಡಲೆ. ಅರ್ಧ ಮಾಡಿ ಎಂದೆ. ಒಂದು ಗಂಟು, ಐದು ಕಡಲೆ. ನೀವು ಹಿಡಿದದ್ದನ್ನು ಕಳೆಯಿರಿ ಎಂದೆ. ಉಳಿದಿದ್ದ ಒಂದು ಗಂಟೂ ಹೋಯಿತು. ಏನು ಉಳಿಯಿತು? ಐದು ಕಡಲೆ. ಯಾರ ಕಡಲೆ ಅವು? ನಿಮ್ಮವೇ? ಅಲ್ಲ, ನನ್ನವು. ನಾನೇ ಕೊಟ್ಟ ಹತ್ತರಲ್ಲಿ ಅರ್ಧ.

ನಿಮ್ಮ ಗಂಟನ್ನು ನಾನು ಬಿಚ್ಚಿದೆನೇ? ಇಲ್ಲ. ಮುಟ್ಟಿದೆನೇ? ಅದೂ ಇಲ್ಲ. ನಿಮ್ಮ ಕೈಯಿಂದಲೇ ಎತ್ತಿ ಆಚೆ ಇಡಿಸಿದೆ. ಆಮೇಲೆ ನನ್ನ ಕಡಲೆ ನಾನೇ ಎಣಿಸಿ, ‘ಇದು ನಿಮ್ಮ ಮನಸ್ಸು’ ಎಂದೆ. ನೀವು ನಕ್ಕು ತಲೆದೂಗಿದಿರಿ.

ಸಾಹುಕಾರನಿಗೆ ಈ ಲೆಕ್ಕ ಗೊತ್ತಿತ್ತು. ಅದರ ಅರ್ಥ ಗೊತ್ತಿರಲಿಲ್ಲ.

ಮದುವೆಯಾದ ಹೊಸತು. ಹೆಂಡತಿ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದಾಳೆ. ನೇಕಾರರ ಮನೆಯ ಮಗಳು, ಹದಿನೆಂಟು ವರ್ಷ. ಇವನು ಬಾಗಿಲಲ್ಲಿ ನಿಂತು, “ಏ, ಇಲ್ಲಿ ಕೇಳು. ಮನಸ್ಸಿನ್ಯಾಗ ಒಂದ ಸಂಖ್ಯಾ ಹಿಡಕೋ,” ಎಂದ.

“ಹಾಲ ಉಕ್ಕತಾವ್ರಿ.”

“ಉಕ್ಕಲಿ. ಹಿಡಕೊಂಡಿ? ಎರಡಪಟ್ಟ ಮಾಡು. ಹದಿನಾಲ್ಕ ಕೂಡಸು. ಅರ್ಧಾ ಮಾಡು. ಮೊದಲ ಹಿಡಕೊಂಡಿದ್ದನ್ನ ಕಳಿ. ಏಳ! ಹೌದಲ್ಲ?”

ಅವಳು ಅವನ ಮುಖ ನೋಡಿದಳು. ಆ ಮುಖದಲ್ಲಿ ಇದ್ದ ಹಿಗ್ಗು ನೋಡಿದಳು. “ಹೌದ್ರಿ, ಏಳ. ಹೆಂಗ ತಿಳೀತ್ರಿ ನಿಮಗ?” ಎಂದಳು.

ಸಾಹುಕಾರ ಆವತ್ತು ಗೆದ್ದ. ಗೆದ್ದವನು ಮೂವತ್ತೆಂಟು ವರ್ಷ ಗೆಲ್ಲುತ್ತಲೇ ಹೋದ.

ಹಬ್ಬಕ್ಕೆ ಸೀರೆ ತಂದ. ಯಾವ ಬಣ್ಣ ಬೇಕು ಎಂದು ಕೇಳಲಿಲ್ಲ, ಗೊತ್ತಿತ್ತಲ್ಲ. ಮನೆ ಕಟ್ಟಿದ, ಅಡುಗೆಮನೆ ಯಾವ ದಿಕ್ಕಿಗೆ ಇರಲಿ ಎಂದು ಕೇಳಲಿಲ್ಲ. ನೆಂಟರು ಯಾರಾದರೂ, “ಏನವಾ, ತವರಿಗೆ ಬಂದು ನಾಕ ದಿನಾ ಇದ್ದು ಹೋಗಬಾರದ?” ಎಂದರೆ ಅವಳು ಬಾಯಿ ತೆರೆಯುವ ಮೊದಲೇ ಇವನು, “ಅಕೀಗೆ ಮನಿ ಬಿಟ್ಟ ಇರೂದಂದ್ರ ಬ್ಯಾಸರ,” ಎನ್ನುತ್ತಿದ್ದ. ಊಟಕ್ಕೆ ಕರೆದವರಿಗೆ, “ಅಕೀಗೆ ಹೋಳಗಿ ಅಂದ್ರ ಜೀವ,” ಎನ್ನುತ್ತಿದ್ದ. ಹೋಳಿಗೆ ಎಂದರೆ ಯಾರಿಗೆ ಜೀವ ಎಂದು ಅವನ ಹೊಟ್ಟೆ ನೋಡಿದರೆ ತಿಳಿಯುತ್ತಿತ್ತು.

ಒಂದು ಮಾತು. ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತಿದವನೂ ಅಲ್ಲ. ಅವಳಿಗೆ ನೆಗಡಿಯಾದರೆ ತಾನೇ ಕಷಾಯ ಕಾಯಿಸುತ್ತಿದ್ದ. ಕೆಟ್ಟವನಾಗಿದ್ದರೆ ಈ ಕಥೆ ಸುಲಭವಾಗುತ್ತಿತ್ತು. ನೀವೂ ನಾನೂ ಅವನನ್ನು ಬೈದು ಎದ್ದು ಹೋಗಬಹುದಿತ್ತು. ಅವನು ಪ್ರೀತಿಸುತ್ತಿದ್ದ. ಪ್ರೀತಿಸುತ್ತಿದ್ದ, ಕೇಳುತ್ತಿರಲಿಲ್ಲ.

ಮೂವತ್ತೆಂಟನೆಯ ವರ್ಷ, ಒಂದು ಬೆಳಿಗ್ಗೆ ಅವಳಿಗೆ ಲಕ್ವ ಹೊಡೆಯಿತು. ಬಲಗಡೆಯೆಲ್ಲ ಬಿದ್ದುಹೋಯಿತು. ಮಾತು ನಿಂತಿತು. ಡಾಕ್ಟರು ನೋಡಿ, “ತಲಿ ಸುದ್ದ ಐತ್ರಿ. ನೀವು ಅಂದದ್ದೆಲ್ಲಾ ತಿಳಿತೈತಿ. ಹೇಳಾಕ ಬರೂದಿಲ್ಲ, ಅಷ್ಟ,” ಎಂದರು. ಆಮೇಲೆ ಸಾಹುಕಾರನನ್ನು ಹೊರಗೆ ಕರೆದು, ಬಹಳ ದಿನ ಇಲ್ಲ ಎಂದೂ ಹೇಳಿದರು.

ಸಾಹುಕಾರ ಒಂದು ದಿನ ಅತ್ತ. ಎರಡನೆಯ ದಿನ ಅವನ ಬುದ್ಧಿ ಓಡಿತು. ಅವಳ ಎಡಗೈ ಆಡುತ್ತಿತ್ತು, ಎಣಿಕೆ ಬರುತ್ತಿತ್ತು. ಸಂಖ್ಯೆ ಇದ್ದ ಮೇಲೆ ಮನಸ್ಸು ಓದುವುದೇನು ಕಷ್ಟ? ಒಂದು ದೊಡ್ಡ ರಟ್ಟಿನ ಮೇಲೆ ಮಸಿಯಲ್ಲಿ ಬರೆದು ಹಾಸಿಗೆಯ ಎದುರಿನ ಗೋಡೆಗೆ ಹಚ್ಚಿದ. ಒಂದು, ನೀರು. ಎರಡು, ಗಂಜಿ. ಮೂರು, ಮಗ್ಗುಲು ಬದಲಿಸಬೇಕು. ನಾಲ್ಕು, ಬಚ್ಚಲು. ಐದು, ಫ್ಯಾನು. ಆರು, ಹೊದೆಯಲು ಕೌದಿ. ಏಳು, ನೋವಿನ ಗುಳಿಗೆ. ಎಂಟು, ಮಗನಿಗೆ ಫೋನು. ಒಂಬತ್ತು, ವಿಭೂತಿ. ಹತ್ತನೆಯದು, ತಾನು. ‘ಯಜಮಾನರು ಹತ್ತಿರ ಕೂಡಬೇಕು’ ಎಂದೇ ಬರೆದಿದ್ದ.

ಅವನು ಒಂದೊಂದಾಗಿ ಓದಿ ಹೇಳಿ ಅವಳ ಎಡಗೈಯನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದ. ಅವಳು ಒತ್ತುತ್ತಿದ್ದಳು. ಒಂದು ಸಲ ಒತ್ತಿದರೆ ನೀರು. ಆರು ಸಲ ಒತ್ತಿದರೆ ಕೌದಿ. ನೋಡಲು ಬಂದವರೆಲ್ಲ ಬೆರಗಾದರು. “ಮಾತ ಹೋದ್ರೂ ಸಾಹುಕಾರ್ರು ಮನಸ್ಸ ಓದತಾರಲ್ಲಪ್ಪಾ!” ಎಂದು ಹೊರಗೆ ಹೋಗಿ ನಾಲ್ಕು ಮಂದಿಗೆ ಹೇಳಿದರು. ಸಾಹುಕಾರ ಆ ದುಃಖದಲ್ಲೂ ಸ್ವಲ್ಪ ಎದೆ ಉಬ್ಬಿಸಿದ. ಮನುಷ್ಯ ಹಾಗೆಯೇ ನೋಡಿ. ಅಳುವಾಗಲೂ ಯಾರಾದರೂ ಹೊಗಳುತ್ತಾರೇನೋ ಎಂದು ಒಂದು ಕಿವಿ ಆ ಕಡೆ ಇಟ್ಟಿರುತ್ತಾನೆ.

ನಾಲ್ಕನೆಯ ದಿನ ಮಧ್ಯಾಹ್ನ ಅವಳು ಹನ್ನೊಂದು ಸಲ ಒತ್ತಿದಳು.

ಹನ್ನೊಂದು? ಗೋಡೆಯ ಮೇಲೆ ಹತ್ತೇ ಇವೆ. ಸಾಹುಕಾರ ಮತ್ತೆ ಹತ್ತನ್ನೂ ಓದಿದ. ಅವಳು ಮತ್ತೆ ಹನ್ನೊಂದು ಒತ್ತಿದಳು. ಅವನು ನಕ್ಕು, “ಎಣಿಕಿ ತಪ್ಪತೈತಿ ಅಕೀಗೆ. ಹತ್ತ ಅನ್ನೂದಕ್ಕ ಹನ್ನೊಂದ ಒತ್ತತಾಳ. ನಾ ಬೇಕಂತ ನಾ!” ಎಂದು ಆರೈಕೆಗೆ ಬಂದಿದ್ದ ಸೊಸೆಗೆ ಹೇಳಿ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಹನ್ನೊಂದು ಒತ್ತಿದರೆ ಯಜಮಾನರು ಕೂಡಬೇಕು. ಅವನೇ ಅರ್ಥ ಮಾಡಿಕೊಂಡ.

ಅವಳು ಕೈ ಬಿಡಿಸಿಕೊಂಡಳು. ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

“ದಣದಾಳ,” ಎಂದ ಸಾಹುಕಾರ.

ಮರುದಿನ ಹನ್ನೊಂದು. ಅದರ ಮರುದಿನವೂ ಹನ್ನೊಂದು. ಕೆಲವು ದಿನ ಮೂರು ಮೂರು ಸಲ. ಪ್ರತಿ ಸಲವೂ ಅವನು ಪ್ರೀತಿಯಿಂದ ಬಂದು ಪಕ್ಕದಲ್ಲಿ ಕೂತ. ಪ್ರತಿ ಸಲವೂ ಅವಳು ಕೈ ಬಿಡಿಸಿಕೊಂಡಳು. ಹದಿನಾರು ದಿನ ಹೀಗೆ ನಡೆಯಿತು. ಆ ಹೆಣ್ಣುಮಗಳಿಗೆ ಈ ಲೋಕದಲ್ಲಿ ಬಾಕಿ ಇದ್ದದ್ದು ಒಂದೇ ಒಂದು ಬೇಡಿಕೆ. ಉಳಿದಿದ್ದದ್ದು ಒಂದೇ ಕೈ. ಆ ಕೈಯಿಂದ ದಿನವೂ ಬಾಗಿಲು ಬಡಿದಳು. ಒಳಗಿದ್ದವನು, ‘ಬಂದೆ, ಬಂದೆ’ ಎನ್ನುತ್ತ ಇನ್ನೊಂದು ಬಾಗಿಲು ತೆರೆದ.

ಇಪ್ಪತ್ತನೆಯ ದಿನ ಅವಳ ತಂಗಿ ಬಂದಳು. ಕಾಲು ಮುರಿದುಕೊಂಡು ಮಲಗಿದ್ದವಳು, ಆಗಷ್ಟೇ ಕೋಲು ಹಿಡಿದು ನಡೆಯುತ್ತಿದ್ದಳು. ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವಳು. ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ಸಾಹುಕಾರನೂ ಅವಳನ್ನು ಚೇಷ್ಟೆಗೆ ಅಕ್ಕೋರೆ ಎಂದೇ ಕರೆಯುತ್ತಿದ್ದ.

“ಬರ್ರಿ ಅಕ್ಕೋರ. ನೋಡ್ರಿ, ನಿಮ್ಮ ಅಕ್ಕಗ ಹೆಂಗ ಮಾತ ಕಲಿಸೀನಿ,” ಎಂದು ರಟ್ಟನ್ನು ತೋರಿಸಿ, ಹತ್ತನ್ನೂ ಓದಿ, ಹೆಂಡತಿಯ ಕೈ ಹಿಡಿದ. ಅವಳು ತಂಗಿಯ ಮುಖ ನೋಡುತ್ತ ಹನ್ನೊಂದು ಸಲ ಒತ್ತಿದಳು. ನಿಧಾನವಾಗಿ, ಒಂದೊಂದನ್ನೂ ಬಿಡಿಬಿಡಿಯಾಗಿ.

“ಅಗದಿ ತಪ್ಪದಂಗ ಒತ್ತತಾಳ. ಹತ್ತಕ್ಕ ಬಂದಾಗಷ್ಟ ಒಂದ ಹೆಚ್ಚಾಗತೈತಿ,” ಎಂದ ಸಾಹುಕಾರ.

ತಂಗಿ ಗೋಡೆಯ ಮೇಲಿನ ರಟ್ಟನ್ನು ನೋಡಿದಳು. “ಮಾವಾರ, ನಾಕ ಒತ್ತೂ ಮುಂದ ಯಾವತ್ತರೆ ಐದ ಒತ್ಯಾಳೇನ್ರಿ?”

“ಇಲ್ಲ.”

“ಆರ ಒತ್ತೂ ಮುಂದ ಏಳು?”

“ಇಲ್ಲವಾ.”

“ಮತ್ತ ಹತ್ತಕ್ಕಷ್ಟ ಹೆಂಗ ತಪ್ಪತೈತ್ರಿ ಎಣಿಕಿ? ಅಕೀ ಎಣಿಕಿ ಬರೋಬರಿ ಐತಿ. ನೀವು ಹತ್ತ ಬರದೀರಿ. ಅಕೀ ಹನ್ನೊಂದ ಅನ್ನಾಕತ್ತಾಳ. ‘ನಿಮ್ಮ ಹತ್ತರಾಗ ನಂದಿಲ್ಲ’ ಅನ್ನಾಕತ್ತಾಳ್ರಿ ಮಾವಾರ.”

ಸಾಹುಕಾರ ಹೆಂಡತಿಯ ಕಡೆ ತಿರುಗಿದ. ಅವಳ ಎರಡೂ ಕಣ್ಣಿಂದ ನೀರು ಕಿವಿಯ ಕಡೆ ಹರಿಯುತ್ತಿತ್ತು. ಅವಳು ಎಡಗೈಯಿಂದ ಒಂದು ಸಲ, ಬಹಳ ಗಟ್ಟಿಯಾಗಿ, ಹೌದು ಎನ್ನುವಂತೆ ಒತ್ತಿದಳು.

ಹೊರಗೆ ಪಡಸಾಲೆಗೆ ಬಂದ ಮೇಲೆ ಅವನು ಕುಗ್ಗಿಹೋಗಿ, “ನನಗ ಅಕೀ ಮನಸ್ಸ ಗೊತ್ತಿತ್ತವಾ. ಮದಿವಿ ಆದ ಹೊಸದಾಗ ಏಳ ಅಂತ ಹೇಳಿದ್ದೆ, ಹೌದ ಅಂದಿದ್ಲು,” ಎಂದ. ಮುಳುಗುವವನು ಹಿಡಿಯುವ ಕಡ್ಡಿ ನೋಡಿ ಎಂಥದು.

ತಂಗಿ ಹೇಳಬಾರದು ಎಂದುಕೊಂಡೇ ಹೇಳಿದಳು. “ಆವತ್ತ ಅಕ್ಕ ಸಂಖ್ಯಾನ ಹಿಡದಿರಲಿಲ್ರಿ. ಹಾಲ ಉಕ್ಕತಾವಂತ ಅತ್ತಕಡೆ ನೋಡತಿದ್ಲಂತ. ನೀವು ಏಳ ಅಂದ್ರಿ, ಹೌದಂದ್ಲು. ಆ ಲೆಕ್ಕದ ಗುಟ್ಟ ನಾ ಆಗ ಬಿಡಿಸಿ ಹೇಳಿದ್ದೆ. ‘ಬಿಡವಾ, ಅವರಿಗೆ ಖುಷಿ ಆಗತೈತಿ’ ಅಂದಿದ್ಲು.”

ಮೂವತ್ತೆಂಟು ವರ್ಷದ ಮನೆಯ ಅಡಿಗಲ್ಲು ಅದು. ತೆಗೆದು ನೋಡಿದರೆ ಕೆಳಗೆ ಏನೂ ಇರಲಿಲ್ಲ. ಒಬ್ಬ ಹುಡುಗಿಯ ದಾಕ್ಷಿಣ್ಯ ಇತ್ತು, ಅಷ್ಟೆ.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಹುಕಾರ ಎದ್ದು ಗೋಡೆಯ ಮೇಲಿನ ರಟ್ಟನ್ನು ಕಿತ್ತು ತೆಗೆದ. ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ. ತಂಗಿ ಹೇಳಿಕೊಟ್ಟಳು: ಹೌದಾದರೆ ಒಂದು ಒತ್ತು, ಅಲ್ಲವಾದರೆ ಎರಡು. ದೊಡ್ಡದರಿಂದ ಸಣ್ಣದಕ್ಕೆ ಬರಬೇಕು. ಅವಳು ಒತ್ತುವ ತನಕ ಮುಂದಿನ ಮಾತು ಆಡಬಾರದು.

“ತಿನ್ನೂದ ಏನರೆ?”

ಎರಡು.

“ಉಡೂದ?”

ಎರಡು.

“ಯಾರನ್ನರೆ ನೋಡಬೇಕ?”

ಎರಡು.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳನ್ನು ಅವನು ಕೇಳಿದ್ದು ಆ ಸಂಜೆಯೇ ಮೊದಲು. “ಎಲ್ಲಿಗ್ಯರೆ ಹೋಗಬೇಕ?”

ಒಂದು.

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಗುಡಿಗೆ?” ಎರಡು. “ಇದ ಊರಾಗ?” ಎರಡು. ಅವನು ಅವಳ ಮುಖ ನೋಡಿ, “ತವರಮನಿಗೆ?” ಎಂದ.

ಒಂದು. ಒತ್ತಿದ ಕೈ ಬಿಡಲೇ ಇಲ್ಲ.

“ಮನಿ ಒಳಗ ಹೋಗಬೇಕ?” ಎರಡು. “ಹೊರಗ?” ಒಂದು. ಅಷ್ಟು ಹೊತ್ತಿಗೆ ಅವಳ ಕಣ್ಣು ಎಳೆಯುತ್ತಿತ್ತು. ಆದರೂ ಮುಖ ಗೋಡೆಯ ಕಡೆ ತಿರುಗಲಿಲ್ಲ. ಅವನ ಕಡೆಯೇ ಇತ್ತು. ಸಾಹುಕಾರ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು, “ಸಾಕ ಇವತ್ತ. ನಾಳೆ ಕೇಳತೀನಿ. ಪೂರಾ ಕೇಳತೀನಿ. ಕೇಳಿ ಕಾರಿನಾಗ ಹಾಕ್ಕೊಂಡ ಒಯ್ಯತೀನಿ ನಿನ್ನ,” ಎಂದ.

ಅವಳು ಒಂದು ಒತ್ತಿದಳು.

ಬೆಳಗಾಗುವಷ್ಟರಲ್ಲಿ ಅವಳು ಹೋಗಿದ್ದಳು.

ನೋಡಿ, ಬರೀ ಒಂಬತ್ತು ಪ್ರಶ್ನೆ. ಮೂವತ್ತೆಂಟು ವರ್ಷದಲ್ಲಿ ಅವನು ಅವಳನ್ನು ನಿಜವಾಗಿ ಕೇಳಿದ್ದು ಒಂಬತ್ತು ಪ್ರಶ್ನೆ. ಇನ್ನು ಎರಡೋ ಮೂರೋ ಸಾಕಿತ್ತು. ಗಂಟು ಸಡಿಲವಾಗಿತ್ತು. ಬಿಚ್ಚಲು ದಿನ ಉಳಿದಿರಲಿಲ್ಲ.

ಮೂರನೆಯ ದಿನ ಎಡೆ ಇಡಬೇಕಲ್ಲ. ಹೋದವರಿಗೆ ಏನು ಇಷ್ಟವೋ ಅದನ್ನು ಮಾಡಿ ಎಲೆಗೆ ಬಡಿಸಬೇಕು. ಸೊಸೆ ಬೆಳಿಗ್ಗೆಯೇ ಬಂದು ಕೇಳಿದಳು: “ಮಾವಾರ, ಅತ್ತೀಗೆ ಏನ ಸೇರತಿತ್ತ್ರಿ?” ಪಡಸಾಲೆಯ ತುಂಬ ಮಂದಿ ಕೂತಿದ್ದರು. ಸಾಹುಕಾರ ಉತ್ತರ ಕೊಡುವ ಮೊದಲೇ ಮುದುಕರೊಬ್ಬರು, “ಅವನ್ನ ಏನ ಕೇಳತೀ ಮಗಳ? ಹೋಳಗಿ ಮಾಡು. ಹೋಳಗಿ ಅಂದ್ರ ಜೀವ ಅಕೀಗೆ. ಇವ್ನ ಹೇಳತಿದ್ದ ಯಾವಾಗಲೂ,” ಎಂದರು.

ಎಲ್ಲರೂ ಹೌದು ಹೌದು ಎಂದರು. ಸಾಹುಕಾರ ಎಲ್ಲರ ಮುಖ ನೋಡಿದ. ಆಮೇಲೆ ಸೊಸೆಗೆ, “ನನಗ ಗೊತ್ತಿಲ್ಲವಾ,” ಎಂದ. ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದ. “ನನಗ ಗೊತ್ತಿಲ್ಲ.”

ತಂಗಿಯನ್ನು ಕೇಳಿದರು. ಅವಳು ನೆನಪು ಮಾಡಿಕೊಂಡು, ಚಿಕ್ಕಂದಿನಲ್ಲಿ ಹುಣಸೆಚಿಗುರಿನ ಸಾರು ಎಂದರೆ ಎರಡು ಸಲ ಬಡಿಸಿಕೊಳ್ಳುತ್ತಿದ್ದಳು ಎಂದಳು. ಈಗ? ಈಗಿನದು ಅವಳಿಗೂ ಗೊತ್ತಿಲ್ಲ. ಹುಣಸೆಚಿಗುರು ಆ ಕಾಲದಲ್ಲಿ ಸಿಗುವಂಥದೂ ಅಲ್ಲ. ಕೊನೆಗೆ ಎಲೆಗೆ ಹೋಳಿಗೆಯನ್ನೇ ಬಡಿಸಿದರು.

ಕರ್ಮ ಮುಗಿದ ಮೇಲೆ ಸಾಹುಕಾರ ಒಬ್ಬನೇ ಹೆಂಡತಿಯ ತವರೂರಿಗೆ ಹೋದ. ಮನೆ ಬೇರೆಯವರ ಕೈಗೆ ಹೋಗಿ ಬಹಳ ವರ್ಷವಾಗಿತ್ತು. ಅವನು ಒಳಗೆ ಹೋಗಲಿಲ್ಲ. ಅವಳೂ ಒಳಗೆ ಬೇಡ ಎಂದಿದ್ದಳಲ್ಲ. ಹೊರಗೆ ನಿಂತ. ಎಡಕ್ಕೆ ಸೇದುವ ಬಾವಿ ಇತ್ತು. ಅದರಾಚೆ ನೂಲು ಬಿಚ್ಚಿ ಉದ್ದಕ್ಕೆ ಹಾಸು ಹಾಕುವ ಬಯಲು. ಬಲಕ್ಕೆ ಒಂದು ಬೇವಿನ ಮರ, ಮರದ ಕೆಳಗೆ ಕೂರುವ ಕಲ್ಲು. ಆ ಕಡೆ ಹೊಲದ ಬದುವಿನಲ್ಲಿ ಅವಳ ತಾಯಿಯನ್ನು ಮಣ್ಣು ಮಾಡಿದ ಜಾಗ. ಇದರಲ್ಲಿ ಯಾವುದು? ಬಾವಿಯ ಹತ್ತಿರ ಸ್ವಲ್ಪ ಹೊತ್ತು ನಿಂತ. ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತ. ಬದುವಿಗೆ ಹೋಗಿ ಕೈ ಮುಗಿದ. ಬಯಲಿನ ಈ ತುದಿಯಿಂದ ಆ ತುದಿಗೆ ನಡೆದ. ಆ ಮನೆಯವರು ಹೊರಗೆ ಬಂದು, “ಏನ ಬೇಕಾಗಿತ್ತ್ರಿ?” ಎಂದರು. ಅದನ್ನೇ ಹುಡುಕುತ್ತಿದ್ದ ಅವನು, ಹೇಗೆ ಹೇಳಿಯಾನು?

ಕಥೆ ಇಷ್ಟೇ. ಆಮೇಲೆ ಏನಾಯಿತು ಎಂದು ಕೇಳಬೇಡಿ, ಅವನ ಬದುಕಿನಲ್ಲಿ ಆಮೇಲೆ ಎನ್ನುವುದು ಏನೂ ಆಗಲಿಲ್ಲ.

ಈಗ ನಿಮ್ಮ ಕಡೆ ಬರೋಣ. ತಲೆ ತಗ್ಗಿಸಬೇಡಿ, ನನ್ನ ಕಡೆ ನೋಡಿ. ‘ಅಕೀಗೆ ಏನ ಬೇಕು ನನಗ ಗೊತ್ತೈತಿ’ ಎಂದು ಇಲ್ಲಿ ಕೂತ ಎಷ್ಟು ಮಂದಿ ಹೇಳಿಲ್ಲ? ‘ನನ್ನ ಮಗನ್ನ ನಾ ಹೆತ್ತೀನಿ, ನನಗ ಗೊತ್ತಿಲ್ಲೇನ?’ ಎಂದು ಎಷ್ಟು ತಾಯಂದಿರು ಹೇಳಿಲ್ಲ? ಗೊತ್ತಿದೆ, ಗೊತ್ತಿದೆ, ಗೊತ್ತಿದೆ. ಏನು ಗೊತ್ತಿದೆ? ನೀವು ಕೊಟ್ಟ ಹತ್ತರ ಅರ್ಧ ಗೊತ್ತಿದೆ. ಮಗಳಿಗೆ ಓದು ಬೇಕೋ ಮದುವೆ ಬೇಕೋ ಎಂದು ಕೇಳುತ್ತೀರಿ. ಅವಳ ಮನಸ್ಸು ಈ ಎರಡರಲ್ಲೂ ಇರದಿದ್ದರೆ ಅವಳು ಯಾವುದನ್ನು ಹೇಳಬೇಕು? ಅವಳು ಒಂದನ್ನು ಹೇಳುತ್ತಾಳೆ. ನೀವು ‘ನೋಡಿದೆಯಾ, ನಾನು ಹೇಳಿರಲಿಲ್ಲವಾ’ ಎನ್ನುತ್ತೀರಿ.

ಇನ್ನೊಂದು ಮಾತು, ಇದು ‘ಹೌದ್ರಿ, ಏಳ’ ಎನ್ನುವವರಿಗೆ. ನೀವೂ ಇದ್ದೀರಿ ಇಲ್ಲಿ. ಎದುರಿನವರ ಹಿಗ್ಗು ಕೆಡಬಾರದು ಎಂದು ನಿಮ್ಮ ಮನಸ್ಸನ್ನು ನೀವೇ ಕಳೆದು ಹಾಕಿದವರು. ಅದು ಪುಣ್ಯವಲ್ಲ. ನೀವು ಸುಳ್ಳು ಹೇಳಿ ಬೆಳೆಸಿದ ಆ ಭ್ರಮೆಯೇ ಕೊನೆಗೆ ನಿಮ್ಮ ಕೈ ಹಿಡಿದು ಕೂರುತ್ತದೆ, ಕುರ್ಚಿ ಎಳೆದುಕೊಂಡು.

ಏನು ಮಾಡಬೇಕು? ದೊಡ್ಡದೇನೂ ಬೇಡ. ಉಪವಾಸ ಬೇಡ, ಯಾತ್ರೆ ಬೇಡ. ಇವತ್ತು ಮನೆಗೆ ಹೋಗಿ. ಯಾರ ಮನಸ್ಸು ನಿಮಗೆ ಪೂರಾ ಗೊತ್ತು ಎಂದುಕೊಂಡಿದ್ದೀರೋ ಅವರ ಮುಂದೆ ಕೂತುಕೊಳ್ಳಿ. ‘ನಿನಗೇನು ಬೇಕು?’ ಎಂದು ಕೇಳಿ. ‘ಇದೋ, ಅದೋ’ ಎಂದು ಹಿಂದೆ ಜೋಡಿಸಬೇಡಿ. ಕೇಳಿ, ಬಾಯಿ ಮುಚ್ಚಿಕೊಳ್ಳಿ. ಆ ಮೌನ ಬಹಳ ಉದ್ದ ಎನ್ನಿಸುತ್ತದೆ, ತುಂಬಬೇಡಿ ಅದನ್ನು. ಮೊದಲ ದಿನ ‘ಏನೂ ಬೇಡ್ರಿ’ ಎನ್ನುತ್ತಾರೆ. ನಂಬಬೇಡಿ, ಅದು ಅಭ್ಯಾಸ ಆಡುವ ಮಾತು. ನಾಳೆ ಮತ್ತೆ ಕೇಳಿ. ನಾಡಿದ್ದು ಮತ್ತೆ ಕೇಳಿ. ಒಂದು ದಿನ ನೀವು ಎಂದೂ ಯೋಚಿಸಿರದ ಮಾತೊಂದು ಬರುತ್ತದೆ. ಬಂದಾಗ ತಿದ್ದಬೇಡಿ, ನಗಬೇಡಿ, ‘ಅದು ಹೇಗಾದೀತು’ ಎನ್ನಬೇಡಿ. ಎಡೆ ಇಡುವ ದಿನ ಊರವರನ್ನು ಕೇಳುವ ಬದಲು, ಜೊತೆಗೆ ಕೂತು ಉಣ್ಣುವ ದಿನವೇ ಅವರನ್ನು ಕೇಳಿ.

ಮಂಗಳಾರತಿ ಇವತ್ತು ಸ್ವಲ್ಪ ಬೇಗ ಮುಗಿಸೋಣ. ನೀವು ಮನೆ ಮುಟ್ಟುವ ಹೊತ್ತಿಗೆ ಅವರು ಇನ್ನೂ ಎಚ್ಚರ ಇರಬೇಕು.